ಮೈಲಿಗೆ ಬೇರೆ, ಸೋಂಕು ಬೇರೆ

(ಶಿವನಿಯಲ್ಲಿ ನಡೆದ ತಿಂಗಳ ಗೋಷ್ಠಿಯಲ್ಲಿ ನಿವೃತ್ತ ಶುಶ್ರೂಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಮಾತಿಗೆ ಕರೆದವರು ವಿಷಯ ಯಾವುದಾದರೂ ಆಗಲಿ ಎಂದರು. ಕಾಯಕ, ದಾಸೋಹ, ಸಮಾನತೆ ಕುರಿತು ಈ ವೇದಿಕೆಯಲ್ಲಿ ಬಲ್ಲವರು ಮಾತಾಡಿದ್ದಾರೆ. ನನಗೆ ಗೊತ್ತಿರುವುದು ಒಂದೇ ಕೆಲಸ. ಮೂವತ್ತೊಂದು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದೆ. ನಿವೃತ್ತಿಯಾದ ಮೇಲೆ ಶಿವನಿ ಸುತ್ತಿನ ಮನೆಗಳಿಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆಯುವುದು, ಮೂತ್ರದ ಪೈಪು ಬದಲಿಸುವುದು, ಅವರನ್ನು ನೋಡಿಕೊಳ್ಳುವವರಿಗೆ ಹೇಳಿಕೊಡುವುದು, ಇಷ್ಟು ಮಾಡುತ್ತಿದ್ದೇನೆ. ಆದ್ದರಿಂದ ಮನೆಯ ಆರೈಕೆಯಲ್ಲಿರುವವರಿಗೆ ತಗಲುವ ಸೋಂಕಿನ ಬಗ್ಗೆ ಮಾತಾಡುತ್ತೇನೆ. ಸೋಂಕು ಎಂದು ಯಾವುದನ್ನು ಕರೆಯಬೇಕು, ಅದರ ಲೆಕ್ಕವನ್ನು ಹೇಗೆ ಇಡಬೇಕು ಎಂಬುದೇ ಈ ಹೊತ್ತಿನ ಮಾತು.

ನಮ್ಮ ಊರಿನ ಯಾವ ಬೀದಿಯಲ್ಲಿ ನಡೆದರೂ ಒಂದೆರಡು ಮನೆಯಲ್ಲಿ ಮಲಗಿದವರು ಇದ್ದಾರೆ. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆಸಿಕೊಂಡವರು, ಕ್ಯಾನ್ಸರಿಗೆ ಇನ್ನು ಚಿಕಿತ್ಸೆ ಬೇಡವೆಂದು ಮನೆಗೆ ಬಂದವರು. ಮಕ್ಕಳು ಬೆಂಗಳೂರಿನಲ್ಲಿ. ಶನಿವಾರ ರೈಲು ಇಳಿದು ಬರುತ್ತಾರೆ, ಭಾನುವಾರ ಹೊರಡುತ್ತಾರೆ. ಆಸ್ಪತ್ರೆಯವರು ಹಿಂದಿನಂತೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಮೂಗಿಗೆ ಊಟದ ನಳಿಗೆ, ಕೆಳಗೆ ಮೂತ್ರದ ಪೈಪು, ಬೆನ್ನಿಗೆ ಡ್ರೆಸಿಂಗ್ ಸಮೇತ ಮನೆಗೆ ಕಳಿಸುತ್ತಾರೆ. ಆಸ್ಪತ್ರೆಯ ಕೆಲಸವೆಲ್ಲ ಮನೆಗೆ ಬಂದಿದೆ. ಆಸ್ಪತ್ರೆಯ ದಾಖಲೆ ಪುಸ್ತಕ ಮಾತ್ರ ಬಂದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಮನೆಯಲ್ಲೇ, ಬಹಳ ತಡವಾಗಿ. ನನ್ನ ಮಾವನವರಿಗೆ ಲಕ್ವ ಹೊಡೆದಾಗ ನಾನು ಬೇರೆ ಊರಿನಲ್ಲಿ ಕೆಲಸದಲ್ಲಿದ್ದೆ. ಅತ್ತೆಯವರು ಮತ್ತು ನನ್ನ ಓರಗಿತ್ತಿ ನೋಡಿಕೊಳ್ಳುತ್ತಿದ್ದರು. ಮೂತ್ರದ ಪೈಪು ಹಾಕಿದ್ದರು. ಐದು ತಿಂಗಳಲ್ಲಿ ನಾಲ್ಕು ಸಲ ಜ್ವರ ಬಂತು. ಒಮ್ಮೆ ವೈರಲ್ ಜ್ವರ ಎಂದರು, ಒಮ್ಮೆ ಕಫ ಎಂದರು, ಒಮ್ಮೆ ಉರಿಮೂತ್ರ ಎಂದರು. ಪ್ರತಿ ಸಲವೂ ಬೇರೆ ಬೇರೆಯವರು ಬೇರೆ ಬೇರೆ ಆಂಟಿಬಯೋಟಿಕ್ ಬರೆದುಕೊಟ್ಟರು. ನಾನು ಫೋನಿನಲ್ಲಿ ಕೇಳಿ ‘ಮಾತ್ರೆ ಕೊಡಿ, ನೀರು ಜಾಸ್ತಿ ಕುಡಿಸಿ’ ಎನ್ನುತ್ತಿದ್ದೆ. ನಾಲ್ಕನೆಯ ಸಲ ರಕ್ತಕ್ಕೆ ನಂಜು ಏರಿತು. ಮೂರು ದಿನದಲ್ಲಿ ಲಿಂಗೈಕ್ಯರಾದರು.

ತಿಂಗಳ ಮೇಲೆ ಅವರ ಕಪಾಟು ತೆರೆದಾಗ ಔಷಧಿ ಚೀಟಿಗಳ ಕಟ್ಟು ಸಿಕ್ಕಿತು. ಸುಮ್ಮನೆ ಕುಳಿತು ತಾರೀಖಿನ ಪ್ರಕಾರ ಜೋಡಿಸಿದೆ. ನಾಲ್ಕು ಜ್ವರಗಳಲ್ಲಿ ಮೂರು, ನರದ ಡಾಕ್ಟರಿಗೆ ತೋರಿಸಲು ಕಾರಿನಲ್ಲಿ ಕರೆದೊಯ್ದ ಎರಡು ಮೂರು ದಿನಗಳಲ್ಲೇ ಬಂದಿದ್ದವು. ಓರಗಿತ್ತಿಯನ್ನು ಕೇಳಿದೆ, ಕಾರಿನಲ್ಲಿ ಮೂತ್ರದ ಚೀಲವನ್ನು ಎಲ್ಲಿ ಇಡುತ್ತಿದ್ದಿರಿ ಎಂದು. ‘ಯಾರಿಗೂ ಕಾಣಬಾರದು ಅಂತ ಮಾವನವರು ಮಡಿಲಲ್ಲಿ ಇಟ್ಟುಕೊಂಡು ಶಾಲು ಹೊದ್ದುಕೊಳ್ಳುತ್ತಿದ್ದರು ಅಕ್ಕ’ ಎಂದಳು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಚೀಲವು ಮೂತ್ರಕೋಶಕ್ಕಿಂತ ಮೇಲೆ ಇದ್ದರೆ ಚೀಲದಲ್ಲಿ ನಿಂತ ಮೂತ್ರ ಹಿಂದಕ್ಕೆ ಹರಿಯುತ್ತದೆ. ಇದನ್ನು ನರ್ಸಿಂಗ್ ಓದುವ ಮೊದಲ ವರ್ಷದ ಹುಡುಗಿಗೂ ಹೇಳಿಕೊಡುತ್ತಾರೆ.

ಮೂರು ಸಲ ಹಾಗಾದದ್ದರಿಂದ ಅದೇ ಕಾರಣ ಎಂದು ಸಾಬೀತಾಗುವುದಿಲ್ಲ, ನನಗೆ ಗೊತ್ತು. ಆದರೆ ಎರಡನೆಯ ಸಲವೇ ಯಾರಾದರೂ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರೆ, ಚೀಲವನ್ನು ಕೆಳಗೆ ಇಡಿ ಎಂದು ಒಂದು ಮಾತು ಹೇಳಬಹುದಿತ್ತು. ನಾನು ದುಡಿಯುತ್ತಿದ್ದ ವಾರ್ಡಿನಲ್ಲಿ ಪೈಪು ಹಾಕಿದ ಪ್ರತಿ ರೋಗಿಗೂ ಒಂದು ಹಾಳೆ ತುಂಬುತ್ತಿದ್ದೆ. ನನ್ನ ಮಾವನವರಿಗೆ ಒಂದು ಹಾಳೆ ಇರಲಿಲ್ಲ. ತಪ್ಪು ಅತ್ತೆಯವರದಲ್ಲ, ಓರಗಿತ್ತಿಯದಲ್ಲ. ಗೊತ್ತಿದ್ದವಳು ನಾನು.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಸೋಂಕು ಎಂದರೆ ಯಾವುದು? ನಮ್ಮ ಕಡೆ ಎಲ್ಲದಕ್ಕೂ ಒಂದೇ ಪದ ಇದೆ, ನಂಜು. ಗಾಯ ಕೆಂಪಾದರೂ ನಂಜು, ಕಾಲು ಊದಿದರೂ ನಂಜು, ಮೈ ತುರಿಸಿದರೂ ನಂಜು. ಕೂಡಲೇ ಬದನೆಕಾಯಿ ನಿಲ್ಲಿಸುತ್ತಾರೆ, ಮೊಸರು ನಿಲ್ಲಿಸುತ್ತಾರೆ. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕಾದ ಹೊತ್ತಿನಲ್ಲೇ ಊಟ ಕಡಿಮೆಯಾಗುತ್ತದೆ. ಪಟ್ಟಣದ ಔಷಧಿ ಅಂಗಡಿಯಲ್ಲಿ ಅದಕ್ಕೆ ‘ಇನ್ಫೆಕ್ಷನ್’ ಎಂದು ಹೆಸರು. ಪದ ಬದಲಾಯಿತು ಅಷ್ಟೆ, ಅರ್ಥ ಅಷ್ಟೇ ಸಡಿಲ. ಒಂದು ಮನೆಯ ನಂಜು ಇನ್ನೊಂದು ಮನೆಯ ನಂಜಲ್ಲದಿದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಮಾಡುವುದು ಹೇಗೆ? ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಕಿಲೋದಲ್ಲಿ ಅಳೆದ ಅಡಿಕೆಯನ್ನು ಕೂಡಿಸಿದಂತಾಗುತ್ತದೆ.

ಇನ್ನೊಂದು ಗೊಂದಲ ನಮ್ಮ ಮನಸ್ಸಿನೊಳಗಿದೆ. ಸೋಂಕು ಎಂಬ ಕನ್ನಡ ಪದಕ್ಕೆ ಮೊದಲ ಅರ್ಥ ಮುಟ್ಟುವುದು, ತಾಗುವುದು. ಆದ್ದರಿಂದ ಆ ಪದ ಕೇಳಿದ ಕೂಡಲೇ ನಮಗೆ ಮೈಲಿಗೆ ನೆನಪಾಗುತ್ತದೆ. ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಎಂಜಲು ಸೂತಕ, ಜಾತಿ ಸೂತಕ ಎಂಬ ಐದನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು. ಇದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಮೈಲಿಗೆಯೆಂಬುದು ಮನುಷ್ಯನನ್ನು ನೋಡಿ ನಿರ್ಧಾರವಾಗುವಂಥದು, ಯಾರು ಮುಟ್ಟಿದರು ಎಂದು ಕೇಳುತ್ತದೆ. ಸೋಂಕಿಗೆ ಅದು ಬೇಕಿಲ್ಲ. ಯಾವ ಕೈ, ಏನನ್ನು ಮುಟ್ಟಿ ಬಂತು, ತೊಳೆದಿತ್ತೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಬಂದ ಕೈಯಲ್ಲೂ ಕ್ರಿಮಿ ಇರುತ್ತದೆ. ಆ ಕೈ ಬಾಗಿಲ ಚಿಲಕ ಮುಟ್ಟಿ, ಮೊಬೈಲ್ ಮುಟ್ಟಿ, ನಂತರ ಗಾಯ ಮುಟ್ಟಿದರೆ ಗಾಯಕ್ಕೆ ಜಾತಿ ತಿಳಿಯದು.

ಹಾಗಾದರೆ ಒಂದೇ ಅಳತೆ ಯಾವುದು? ಆಸ್ಪತ್ರೆಗಳಿಗೆ ಇದು ಮೊದಲಿನಿಂದ ಇದೆ. ನಮ್ಮ ದೇಶದಲ್ಲೂ ದೆಹಲಿಯ ಏಮ್ಸ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಹಲವು ಆಸ್ಪತ್ರೆಗಳ ಜಾಲ ಕಟ್ಟಿ, ಒಂದೇ ವ್ಯಾಖ್ಯೆಯಲ್ಲಿ ಆಸ್ಪತ್ರೆಯ ಸೋಂಕುಗಳನ್ನು ಎಣಿಸುತ್ತಿವೆ. ಆದರೆ ಆಸ್ಪತ್ರೆಯ ವ್ಯಾಖ್ಯೆಗೆ ರಕ್ತಪರೀಕ್ಷೆ ಬೇಕು, ಎಕ್ಸ್‌ರೇ ಬೇಕು. ಮನೆಯಲ್ಲಿ ಅವೆಲ್ಲಿ? ಅಲ್ಲಿ ಪ್ರತಿ ಗಂಟೆಗೆ ನೋಡುವ ನರ್ಸ್ ಇಲ್ಲ, ವಾರಕ್ಕೊಮ್ಮೆ ಬಂದರೆ ಹೆಚ್ಚು. ಈ ತೊಂದರೆ ನಮಗೊಬ್ಬರಿಗೇ ಅಲ್ಲ. ಅಮೆರಿಕದಲ್ಲಿ ಸೋಂಕು ನಿಯಂತ್ರಣದ ಕೆಲಸದವರ ಸಂಘ 2008ರಲ್ಲಿ ಮನೆ ಆರೈಕೆಗೆಂದೇ ಬೇರೆ ವ್ಯಾಖ್ಯೆಗಳನ್ನು ಪ್ರಕಟಿಸಿತು. ಅವುಗಳ ಹಿಂದಿನ ವಿಚಾರ ಸರಳ: ನೋಡಿ, ಮುಟ್ಟಿ, ಕೇಳಿ ತಿಳಿಯಬಹುದಾದ ಲಕ್ಷಣಗಳಿಗೆ ಮಹತ್ವ ಕೊಡಬೇಕು, ಮತ್ತು ಎಲ್ಲರೂ ಅದೇ ಲಕ್ಷಣಗಳನ್ನು ನೋಡಬೇಕು.

ಮನೆಯವರಿಗೆ ಬೇಕಾದಷ್ಟನ್ನು ಮೂರು ಭಾಗ ಮಾಡಿ ಹೇಳುತ್ತೇನೆ.

ಮೊದಲನೆಯದು ಮೂತ್ರದ ಪೈಪು. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂದಷ್ಟಕ್ಕೆ ಸೋಂಕು ಎನ್ನಬಾರದು. ಪೈಪು ಹಾಕಿದ ಮೇಲೆ ದಿನಕ್ಕೆ ನೂರಕ್ಕೆ 3ರಿಂದ 7 ಮಂದಿಯ ಮೂತ್ರದಲ್ಲಿ ಹೊಸದಾಗಿ ಕ್ರಿಮಿ ಸೇರುತ್ತದೆ, ತಿಂಗಳು ಕಳೆಯುವುದರೊಳಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಯಾವ ತೊಂದರೆಯೂ ಇಲ್ಲದವರಿಗೆ ಪರೀಕ್ಷೆಯಲ್ಲಿ ಕ್ರಿಮಿ ಕಂಡಿತೆಂದು ಆಂಟಿಬಯೋಟಿಕ್ ಕೊಟ್ಟರೆ, ಔಷಧಿಗೆ ಬಗ್ಗದ ಕ್ರಿಮಿಗಳು ಉಳಿದುಕೊಳ್ಳುತ್ತವೆ. ಮುಂದೆ ನಿಜವಾದ ಸೋಂಕು ಬಂದಾಗ ಔಷಧಿ ಕೆಲಸ ಮಾಡುವುದಿಲ್ಲ. ಆದರೆ 100.4 ಡಿಗ್ರಿ ಅಥವಾ ಅದಕ್ಕೂ ಮೇಲೆ ಜ್ವರ, ಚಳಿ ನಡುಕ, ಕಿಬ್ಬೊಟ್ಟೆ ಅಥವಾ ಪಕ್ಕೆಯ ಹಿಂಭಾಗದಲ್ಲಿ ನೋವು, ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಗೊಂದಲದಲ್ಲಿ ಮಾತಾಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಡಾಕ್ಟರಿಗೆ ಹೇಳಬೇಕು. ಔಷಧಿ ಶುರು ಮಾಡುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಆಗಬೇಕೆಂದು ಕೇಳಬೇಕು. ಚೀಲದಲ್ಲಿ ನಿಂತ ಮೂತ್ರವನ್ನು ಪರೀಕ್ಷೆಗೆ ಕಳಿಸಬಾರದು.

ಎರಡನೆಯದು ಗಾಯ. ಶಸ್ತ್ರಚಿಕಿತ್ಸೆಯ ಗಾಯದಿಂದ ಕೀವು ಬಂದರೆ ಅದು ಸೋಂಕೇ. ಸಾಮಾನ್ಯವಾಗಿ ಆಪರೇಷನ್ ಆದ 30 ದಿನ, ಕೀಲು ಬದಲಿಸಿದಂಥ ಕೆಲವು ಆಪರೇಷನ್‌ಗಳಲ್ಲಿ 90 ದಿನ ಗಮನ ಇಡಬೇಕು. ಹಾಸಿಗೆ ಹುಣ್ಣಿನ ವಿಷಯ ಸ್ವಲ್ಪ ಬೇರೆ. ಹುಣ್ಣು ಇದ್ದ ಮಾತ್ರಕ್ಕೆ ಸೋಂಕಲ್ಲ. ಅದರ ಅಂಚು ಕೆಂಪಾಗುವುದು, ಊದುವುದು, ಮುಟ್ಟಿದರೆ ನೋಯುವುದು, ಈ ಮೂರರಲ್ಲಿ ಎರಡು ಹೊಸದಾಗಿ ಕಂಡರೆ, ಅಥವಾ ಕೀವು ಬಂದರೆ ಬರೆದಿಡಬೇಕು, ತೋರಿಸಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ, ವಿಭೂತಿ ಯಾವುದನ್ನೂ ಹಾಕಬೇಡಿ. ವಿಭೂತಿಯ ಜಾಗ ಹಣೆ, ಗಾಯವಲ್ಲ. ಕತ್ತಿನಲ್ಲಿ ಡಯಾಲಿಸಿಸ್ ಕೊಳವೆ ಇರುವ ಶರಣರು ಹಳೆಯ, ಬೆವರು ಹಿಡಿದ ಶಿವದಾರ ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ದಾರ ಬದಲಿಸಿ, ಬೇಕಾದರೆ ಲಿಂಗವನ್ನು ಕೊಳವೆಯಿಂದ ದೂರಕ್ಕೆ, ತೋಳಿಗೆ ಕಟ್ಟಿಕೊಳ್ಳಿ.

ಮೂರನೆಯದು ಎದೆ. ಮಲಗಿದವರಿಗೆ ಮಲಗಿಸಿಯೇ ಊಟ ಮಾಡಿಸಿದರೆ ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ. ಹೊಸದಾಗಿ ಕೆಮ್ಮು, ಕಫದ ಬಣ್ಣ ಬದಲಾಗುವುದು, ಉಸಿರಾಟ ಜೋರಾಗುವುದು, ಜೊತೆಗೆ ಜ್ವರ ಬಂದರೆ ಬರೆದಿಡಿ, ಡಾಕ್ಟರಿಗೆ ತಿಳಿಸಿ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರ ಜೋರಾಗಿ ಬರುವುದೇ ಇಲ್ಲ. ಅವರ ಮೈಯ ಮಾಮೂಲಿ ಶಾಖಕ್ಕಿಂತ 2 ಡಿಗ್ರಿ ಏರಿದರೂ ಅದನ್ನು ಜ್ವರವೆಂದೇ ತಿಳಿಯಬೇಕು. ಮಾಮೂಲಿ ಎಷ್ಟು ಎಂದು ತಿಳಿಯಬೇಕಾದರೆ ಚೆನ್ನಾಗಿರುವ ದಿನವೂ ಥರ್ಮಾಮೀಟರ್ ಇಟ್ಟು ನೋಡಿ ಬರೆದಿರಬೇಕು.

ಇನ್ನು ಈ ಸೋಂಕು ಎಲ್ಲಿಯದು ಎಂಬ ಪ್ರಶ್ನೆ. ಆಸ್ಪತ್ರೆಯಿಂದ ಬರುವಾಗಲೇ ಒಳಗೆ ಇದ್ದದ್ದೋ, ಮನೆಯಲ್ಲಿ ಬಂದದ್ದೋ? ಇದಕ್ಕೆ ಸಾಮಾನ್ಯವಾಗಿ 48 ಗಂಟೆಯ ಲೆಕ್ಕ ಇಡುತ್ತಾರೆ. ಮನೆಗೆ ಬಂದ ಎರಡು ದಿನದೊಳಗೆ ಕಂಡದ್ದನ್ನು ಹಿಂದಿನ ಜಾಗದ್ದೆಂದೂ, ಆಮೇಲೆ ಕಂಡದ್ದನ್ನು ಮನೆಯದೆಂದೂ ತಿಳಿಯುತ್ತಾರೆ. ಆಪರೇಷನ್ ಗಾಯಕ್ಕೆ ಮಾತ್ರ ಈ ನಿಯಮ ಹೊಂದುವುದಿಲ್ಲ, ಅದರ ಗಡುವು ಆಗಲೇ ಹೇಳಿದೆ. ಯಾರನ್ನೋ ಹಿಡಿದು ನಿಲ್ಲಿಸಲು ಈ ವಿಂಗಡಣೆ ಮಾಡುವುದಲ್ಲ. ಎಲ್ಲಿ ಸರಿಪಡಿಸಬೇಕು ಎಂದು ತಿಳಿಯಲು ಮಾಡುವುದು. ಅದಕ್ಕಾಗಿ ಮನೆಗೆ ಬಂದ ದಿನವೇ ಬೆನ್ನು, ಹಿಮ್ಮಡಿ, ಪೈಪು ಹಾಕಿದ ಜಾಗ ಎಲ್ಲವನ್ನೂ ಒಮ್ಮೆ ನೋಡಿ, ಇದ್ದದ್ದನ್ನು ಇದ್ದಂತೆ ಬರೆದುಕೊಳ್ಳಬೇಕು.

ಎಣಿಕೆಯ ವಿಷಯಕ್ಕೆ ಬರೋಣ. ತೋಟ ಇರುವವರು ಕೇಳಿಸಿಕೊಳ್ಳಿ. ಒಬ್ಬನ ತೋಟದಲ್ಲಿ ಹತ್ತು ತೆಂಗಿಗೆ ನುಸಿ ಬಂತು ಎಂದರೆ ನೀವು ‘ಎಷ್ಟು ಮರದಲ್ಲಿ ಹತ್ತು?’ ಎಂದು ಕೇಳುತ್ತೀರಿ. ಐನೂರರಲ್ಲಿ ಹತ್ತಾದರೆ ಒಂದು ಮಾತು, ಇಪ್ಪತ್ತರಲ್ಲಿ ಹತ್ತಾದರೆ ಬೇರೆ ಮಾತು. ಇಲ್ಲಿಯೂ ಹಾಗೆಯೇ. ಪೈಪು ಎಷ್ಟು ಜನಕ್ಕೆ, ಎಷ್ಟು ದಿನ ಇತ್ತು ಎಂದು ಕೂಡಿಸಬೇಕು. ಒಂದು ಊರಿನಲ್ಲಿ 6 ಜನಕ್ಕೆ 30 ದಿನ ಪೈಪು ಇತ್ತು ಎಂದಿಟ್ಟುಕೊಳ್ಳೋಣ. ಅದು 180 ಪೈಪುದಿನ. ಆ ತಿಂಗಳು 2 ಸೋಂಕು. ಸಾವಿರ ಪೈಪುದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 11. ಮುಂದಿನ ತಿಂಗಳು 4 ಜನಕ್ಕಷ್ಟೇ ಪೈಪು, ಅಂದರೆ 120 ದಿನ, ಸೋಂಕು ಮತ್ತೆ 2. ‘ಹೋದ ತಿಂಗಳಷ್ಟೇ ಇದೆ’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಸಾವಿರಕ್ಕೆ ಸುಮಾರು 17ಕ್ಕೆ ಏರಿದೆ. ಪ್ರಪಂಚದಾದ್ಯಂತ ಆಸ್ಪತ್ರೆಗಳು ಹೀಗೆಯೇ ಸಾವಿರ ದಿನಕ್ಕೆ ಲೆಕ್ಕ ಹೇಳುತ್ತವೆ. ಸಣ್ಣ ಊರಿನಲ್ಲಿ ಒಂದು ತಿಂಗಳ ಅಂಕಿ ಏರಿಳಿಯುವುದು ಸಹಜ. ಆರು ತಿಂಗಳು, ವರ್ಷ ಕೂಡಿಸಿ ನೋಡಿದರೆ ದಾರಿ ಕಾಣುತ್ತದೆ.

ಇದೆಲ್ಲ ಓದಿದವರ ಕೆಲಸ, ನಮ್ಮಿಂದ ಆಗದು ಎನ್ನುತ್ತೀರಾ? ನೆರೆಯ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಮಾತು ಕೇಳಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಅಲ್ಲಿನ 39 ಹಳ್ಳಿಗಳಲ್ಲಿ, ಕೆಲವೇ ತರಗತಿ ಓದಿದ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಮನೆಯಲ್ಲಿ ಹುಟ್ಟಿದ ಕೂಸಿಗೆ ರಕ್ತದ ನಂಜು ಆಗಿದೆಯೇ ಎಂದು ಪರೀಕ್ಷಾಲಯವಿಲ್ಲದೆ ತಿಳಿಯುವುದು ಹೇಗೆ? ಅವರು ಒಂದು ಪಟ್ಟಿ ಮಾಡಿದರು. ಮೊದಲು ಚೆನ್ನಾಗಿ ಅಳುತ್ತಿದ್ದ ಕೂಸಿನ ಅಳು ಕ್ಷೀಣವಾಯಿತೇ, ಚೆನ್ನಾಗಿ ಹಾಲು ಕುಡಿಯುತ್ತಿದ್ದದ್ದು ನಿಲ್ಲಿಸಿತೇ, ಮಂಕಾಯಿತೇ, ಮೈ ತಣ್ಣಗಿದೆಯೇ ಅಥವಾ ಬಿಸಿಯಿದೆಯೇ, ಹೊಕ್ಕುಳಲ್ಲಿ ಕೀವು ಇದೆಯೇ, ಉಸಿರು ವೇಗವಾಗಿದೆಯೇ, ಹೀಗೆ. ಪಟ್ಟಿಯಲ್ಲಿ ಎರಡು ಲಕ್ಷಣ ಒಟ್ಟಿಗೆ ಕಂಡರೆ ಸೋಂಕು ಎಂದು ತೀರ್ಮಾನ, ಕೂಡಲೇ ಚಿಕಿತ್ಸೆ.

ಅದರ ಫಲ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಹಳ್ಳಿಗಳಲ್ಲಿ ನಂಜಾದ ಕೂಸುಗಳಲ್ಲಿ ಮೊದಲು ನೂರಕ್ಕೆ 16.6 ತೀರಿಹೋಗುತ್ತಿದ್ದವು, ಈ ಹೆಣ್ಣುಮಕ್ಕಳು ಚಿಕಿತ್ಸೆ ಶುರು ಮಾಡಿದ ಮೇಲೆ ಅದು 2.8ಕ್ಕೆ ಇಳಿಯಿತು. ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ, ಹೋಲಿಕೆಗೆ ಇಟ್ಟುಕೊಂಡ ಬೇರೆ ಹಳ್ಳಿಗಳಿಗಿಂತ ನೂರಕ್ಕೆ 62ರಷ್ಟು ಕಡಿಮೆಯಿತ್ತು. ಔಷಧಿ ಇತ್ತು, ನಿಜ. ಆದರೆ ಯಾವ ಕೂಸಿಗೆ ಔಷಧಿ ಎಂದು ತಿಳಿಸಿದ್ದು ಆ ಪಟ್ಟಿ, ಆ ಹೆಣ್ಣುಮಕ್ಕಳ ಕೈಯ ಪುಸ್ತಕ.

ಇದು ನಮಗೆ ದೂರದ ಕಥೆಯಲ್ಲ. ಇದರಿಂದ ಕಲಿತೇ ಕೇಂದ್ರ ಸರ್ಕಾರ 2011ರಲ್ಲಿ ಮನೆಯಲ್ಲೇ ನವಜಾತ ಶಿಶು ಆರೈಕೆಯ ಕಾರ್ಯಕ್ರಮ ತಂದಿತು. ನಮ್ಮ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಬರುವುದು ಅದಕ್ಕಾಗಿಯೇ. ಆಕೆ ಬಂದಾಗ ‘ಕೂಸು ಚೆನ್ನಾಗಿದೆ, ಸಹಿ ಮಾಡಿಸಿಕೊಂಡು ಹೋಗಮ್ಮ’ ಎಂದು ಬಾಗಿಲಲ್ಲೇ ಕಳಿಸುವವರು ನಾವು. ಬಾಣಂತಿ ಕೋಣೆಗೆ ಸೂತಕದ ನೆಪ ಹೇಳಿ ತಡೆಯುವ ಮನೆಯೂ ಇದೆ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಹೆರಿಗೆಯಾಗಿ 42 ದಿನ ಆಗುವವರೆಗೆ ತಾಯಿ ಮಗುವಿನ ಸ್ಥಿತಿಯನ್ನು ದಾಖಲಿಸುತ್ತಾ ಬಂದಿದ್ದಾರೆ. ಬೇರೆ ದೇಶಗಳ ಕೇಂದ್ರಗಳೂ ಅದೇ ವ್ಯಾಖ್ಯೆಯಲ್ಲಿ ಬರೆಯುತ್ತವೆ. ಆದ್ದರಿಂದಲೇ ಬೆಳಗಾವಿಯ ಹಳ್ಳಿಯ ಅಂಕಿಯನ್ನು ಆಫ್ರಿಕಾದ ಹಳ್ಳಿಯ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಲು ಸಾಧ್ಯ. ಕೂಸಿಗೆ, ಬಾಣಂತಿಗೆ ಆಗುವುದಾದರೆ ಮಲಗಿದ ಅಜ್ಜನಿಗೆ ಏಕೆ ಆಗದು?

ಈಗ ಒಂದು ಮನೆಯ ಮಾತು ಹೇಳಬೇಕು. ಯಾವ ಊರು, ಯಾರ ಮನೆ ಎಂದು ಕೇಳಬೇಡಿ. ನಮ್ಮವರದೇ ಮನೆ ಎಂದಷ್ಟೇ ಹೇಳುತ್ತೇನೆ. ಅಲ್ಲಿ ಒಬ್ಬ ಅಜ್ಜಿಗೆ ಬೆನ್ನ ಕೆಳಗೆ ಹುಣ್ಣು. ಮಗ ಸೊಸೆ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ಸಂಬಳ ಕೊಟ್ಟು ಹಗಲಿಗೆ ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದರು. ಹುಣ್ಣು ಒಣಗುತ್ತಾ ಬಂದು ಮತ್ತೆ ಮತ್ತೆ ಕೀವಾಗುತ್ತಿತ್ತು. ನಾನು ಒಂದು ನೋಟುಪುಸ್ತಕ ಕೊಟ್ಟು ಗೆರೆ ಎಳೆದುಕೊಟ್ಟೆ: ತಾರೀಖು, ಜ್ವರ, ಗಾಯ ಹೇಗಿದೆ, ಡ್ರೆಸಿಂಗ್ ಯಾರು ಮಾಡಿದರು, ಮೊದಲು ಸೋಪಿನಲ್ಲಿ ಕೈ ತೊಳೆದರೇ. ಹದಿನೈದು ದಿನ ಬಿಟ್ಟು ಹೋದೆ. ಮಗಳ ಕೈಬರಹ ಇದ್ದ ಭಾನುವಾರಗಳಲ್ಲಿ ಕೊನೆಯ ಮನೆ ತುಂಬಿತ್ತು. ಉಳಿದ ದಿನಗಳಲ್ಲಿ ಖಾಲಿ.

ಆ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು ಕೇಳಿದೆ. ಆಕೆ ತಲೆ ತಗ್ಗಿಸಿ ಹೇಳಿದಳು: ‘ಸುಳ್ಳು ಯಾಕ್ ಬರೀಲಿ ಅಕ್ಕ. ನಲ್ಲಿ ಒಳಗೈತೆ, ನಾನು ಅಲ್ಲಿಗೆ ಹೋಗಂಗಿಲ್ಲ. ಹಿತ್ಲಾಗೆ ಒಂದು ಬಕೀಟು ಇಟ್ಟವ್ರೆ.’ ಹೋಗಿ ನೋಡಿದೆ. ಬೆಳಗ್ಗೆ ತುಂಬಿಟ್ಟ ನೀರು, ಮುಚ್ಚಳವಿಲ್ಲ, ಸೋಪಿಲ್ಲ. ಅಜ್ಜಿಯ ಮಲಮೂತ್ರ ಬಳಿಯುವ ಕೈಯನ್ನು ಅದರಲ್ಲೇ ಅದ್ದಿ, ಅದೇ ಕೈಯಲ್ಲಿ ಗಾಯ ಕಟ್ಟಬೇಕು. ಅಜ್ಜಿಯ ಮೈಯನ್ನೆಲ್ಲ ಮುಟ್ಟಿ ಒರೆಸಬಹುದು, ಆದರೆ ಮನೆಯ ನಲ್ಲಿ ಮುಟ್ಟುವಂತಿಲ್ಲ. ಆ ಮನೆಯ ಗೋಡೆಯ ಮೇಲೆ ಬಸವಣ್ಣನವರ ಚಿತ್ರ ಇತ್ತು. ಬಾಯಲ್ಲಿ ಬಿಟ್ಟ ಸೂತಕವನ್ನು ನಲ್ಲಿಯ ಹತ್ತಿರ ಉಳಿಸಿಕೊಂಡಿದ್ದರು. ಅದರ ಫಲ ಅವರ ತಾಯಿಯ ಬೆನ್ನ ಮೇಲೆ ಬಂತು.

ನಾನು ಉಪದೇಶ ಮಾಡಲಿಲ್ಲ. ನೋಟುಪುಸ್ತಕವನ್ನು ಮಗನ ಮುಂದೆ ಇಟ್ಟೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಒಳಗಿನ ನಲ್ಲಿಯ ಪಕ್ಕದಲ್ಲಿ ಹೊಸ ಸೋಪು, ಒಣ ಟವೆಲ್ಲು ಇದ್ದವು, ಆ ಹೆಣ್ಣುಮಗಳು ಅಲ್ಲಿಯೇ ಕೈ ತೊಳೆಯುತ್ತಿದ್ದಳು. ಹುಣ್ಣು ಪೂರ್ತಿ ಮಾಯಲು ಮೂರು ತಿಂಗಳು ಹಿಡಿಯಿತು. ಮಗ್ಗುಲು ಬದಲಿಸಿದ್ದು, ಮೊಟ್ಟೆಯ ಬದಲು ಬೇಳೆ, ಮೊಸರು, ಹಾಲು ಕೊಟ್ಟದ್ದು, ಎಲ್ಲವೂ ಸೇರಿ ಮಾಯಿತು. ಆದರೆ ಮತ್ತೆ ಕೀವಾಗಲಿಲ್ಲ. ಖಾಲಿ ಬಿಟ್ಟ ಒಂದು ಅಂಕಣ ಹೇಳಿದ ಸತ್ಯವನ್ನು ಯಾರ ಬಾಯೂ ಹೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಇದೆ. ಬರೆದಿಡುವುದು ದೂರಲು ಅಲ್ಲ. ನಮ್ಮ ಮನೆಗಳಲ್ಲಿ ಅತ್ತೆಗೆ ಹುಣ್ಣಾಯಿತು ಎಂದರೆ ‘ಸೊಸೆ ಸರಿಯಾಗಿ ನೋಡಲಿಲ್ಲ’ ಎಂಬ ಮಾತು ಮೊದಲು ಬರುತ್ತದೆ. ಆ ಮಾತಿಗೆ ಹೆದರಿ ಸೊಸೆ ಹುಣ್ಣನ್ನು ಮುಚ್ಚಿಡುತ್ತಾಳೆ, ಕೀವು ನಾರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಕೆಲವರು ‘ಅವರ ಕರ್ಮ, ಅನುಭವಿಸುತ್ತಾರೆ’ ಎಂದು ಕೈ ತೊಳೆದುಕೊಳ್ಳುತ್ತಾರೆ, ಸೋಪಿಲ್ಲದೆ. ದೂರುವವರೂ ಕರ್ಮ ಎನ್ನುವವರೂ ಕಾರಣ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ. ಹಸುವಿಗೆ ಕೆಚ್ಚಲು ಬಾವು ಬಂದರೆ ನಾವು ಹಾಗೆ ಮಾಡುತ್ತೇವೆಯೇ? ಹಾಲು ಹಿಂಡಿ ಗರಣೆ ಇದೆಯೇ ನೋಡುತ್ತೇವೆ, ಯಾವ ಮೊಲೆ ಎಂದು ಗುರುತಿಡುತ್ತೇವೆ, ಡೇರಿಗೆ ಆ ಹಾಲು ಹಾಕುವುದಿಲ್ಲ, ಡಾಕ್ಟರನ್ನು ಕರೆಯುತ್ತೇವೆ. ಕೊಟ್ಟಿಗೆಯಲ್ಲಿ ಇರುವ ಶಿಸ್ತು ನಡುಮನೆಗೂ ಬರಲಿ.

ಕೊನೆಗೆ ನನ್ನ ಬೇಡಿಕೆಗಳು, ಬಹಳ ಇಲ್ಲ.

ಮನೆಯಲ್ಲಿ ಮಲಗಿದವರು ಇದ್ದರೆ ಒಂದು ನೋಟುಪುಸ್ತಕ, ಒಂದು ಥರ್ಮಾಮೀಟರ್ ಇಡಿ. ಎರಡೂ ಸೇರಿ ನೂರಿನ್ನೂರು ರೂಪಾಯಿಯ ಬಾಬತ್ತು. ಪೈಪು ಹಾಕಿದ ದಿನ, ಬದಲಿಸಬೇಕಾದ ದಿನ ಮೊದಲ ಪುಟದಲ್ಲಿ ಬರೆಯಿರಿ. ಪೈಪು ಇನ್ನೂ ಬೇಕೇ ಎಂದು ಪ್ರತಿ ಸಲ ಡಾಕ್ಟರನ್ನು ಕೇಳಿ, ಬೇಡವಾದ ಪೈಪನ್ನು ತೆಗೆಸುವುದೇ ಸೋಂಕು ತಡೆಯಲು ಎಲ್ಲಕ್ಕಿಂತ ದೊಡ್ಡ ಉಪಾಯ. ಓದು ಬರದವರು ಇದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ. ಪೈಪು, ಗಾಯ ಮುಟ್ಟುವ ಮೊದಲೂ ಆಮೇಲೂ 40ರಿಂದ 60 ಸೆಕೆಂಡು ಸೋಪಿನಲ್ಲಿ ಕೈ ತೊಳೆಯಬೇಕು, ಮನೆಯ ಯಜಮಾನನಾಗಲಿ, ಕೂಲಿಗೆ ಬಂದವಳಾಗಲಿ, ಒಂದೇ ನಲ್ಲಿಯಲ್ಲಿ. ಚಳಿ ನಡುಕ, ಎಚ್ಚರ ತಪ್ಪಿದಂತಾಗುವುದು, ಏದುಸಿರು, ಮೂತ್ರ ತೀರ ಕಡಿಮೆಯಾಗುವುದು, ಇವು ಕಂಡರೆ ಪುಸ್ತಕ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಪುಸ್ತಕವನ್ನು ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಅದು ಅರ್ಧ ಪರೀಕ್ಷೆ ಮಾಡಿದಷ್ಟು ಸಹಾಯ.

ಮಠದವರಲ್ಲಿ ಒಂದು ಅರಿಕೆ. ತಿಂಗಳಿಗೊಮ್ಮೆ ಈ ಗೋಷ್ಠಿ ಸೇರುತ್ತದೆ. ಅಂದು ಅರ್ಧ ಗಂಟೆ, ಊರಿನಲ್ಲಿ ಎಷ್ಟು ಜನ ಮಲಗಿದ್ದಾರೆ, ಒಟ್ಟು ಎಷ್ಟು ಪೈಪುದಿನ, ಎಷ್ಟು ಸೋಂಕು ಎಂಬ ಮೂರು ಅಂಕಿಗಳನ್ನು ಕೂಡಿಸೋಣ. ಹೆಸರು ಬೇಡ, ಜಾತಿ ಬೇಡ, ಮನೆ ಬೇಡ, ಅಂಕಿ ಸಾಕು. ಲಿಂಗಾಯತರ ಮನೆ ಮಾತ್ರ ಎಂದೂ ಬೇಡ, ಎಲ್ಲ ಕೇರಿಯ ಲೆಕ್ಕವೂ ಬರಲಿ. ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೂ ಕರೆಯೋಣ, ಅಂಕಿ ಏರಿದ ತಿಂಗಳು ಏಕೆ ಏರಿತು ಎಂದು ಅವರ ಜೊತೆ ಕುಳಿತು ಹುಡುಕೋಣ. ಅನ್ನದಾಸೋಹಕ್ಕೆ ಅಕ್ಕಿಯ ಲೆಕ್ಕ ಎಷ್ಟು ನಿಷ್ಠೆಯಿಂದ ಇಡುತ್ತೇವೋ ಅಷ್ಟೇ ನಿಷ್ಠೆ ಇದಕ್ಕೂ ಇರಲಿ.

ನನ್ನ ಮಾವನವರ ಔಷಧಿ ಚೀಟಿಗಳು ಇನ್ನೂ ನನ್ನ ಹತ್ತಿರ ಇವೆ. ತಾರೀಖಿನ ಪ್ರಕಾರ ಹೊಲಿದು ಇಟ್ಟಿದ್ದೇನೆ. ಹೊಸ ಮನೆಗೆ ಆರೈಕೆ ಹೇಳಿಕೊಡಲು ಹೋದಾಗ ಅದನ್ನು ತೋರಿಸಿ, ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ ತೂಗುಹಾಕಿ ಎಂದು ಮೊದಲು ಹೇಳುತ್ತೇನೆ. ಆಮೇಲೆ ಗೆರೆ ಎಳೆದ ನೋಟುಪುಸ್ತಕ ಕೊಡುತ್ತೇನೆ. ಇವತ್ತು ಹತ್ತು ಪುಸ್ತಕ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಬೇಕಾದವರು ತೆಗೆದುಕೊಂಡು ಹೋಗಿ.